ಮೊದಲು ತೆರೆಯಬೇಕಾದ ಬಾಗಿಲು

ಕೊರೋನಾ ಬೇನೆಯ ಮಾತನ್ನು ಈಗ ಎತ್ತಿದರೆ ಕೇಳುವವರಿಗೆ ಬೇಸರ. ಬಂತು, ಹೋಯಿತು, ಹೋದವರು ಹೋದರು, ಉಳಿದವರು ಉಳಿದರು, ಇನ್ನೇಕೆ ಆ ಸುದ್ದಿ ಎಂದು ವಸತಿನಿಲಯದ ಗೆಳೆಯರೇ ಮೂಗು ಮುರಿಯುತ್ತಾರೆ. ಆದರೆ ಈ ವರ್ಷ ನಮ್ಮ ಕಾಲೇಜಿನ ಬಿ.ಎ. ಕೊನೆಯ ವರ್ಗದಲ್ಲಿ ಕುಳಿತಿರುವ ನಮ್ಮಲ್ಲಿ ಹೆಚ್ಚಿನವರು ೨೦೨೧ರ ಎಸ್.ಎಸ್.ಎಲ್.ಸಿ. ತಂಡದವರು. ಆ ವರ್ಷದ ಜುಲೈ ೧೯ ಮತ್ತು ೨೨ರಂದು, ಎರಡೇ ದಿನಗಳಲ್ಲಿ ಆರು ವಿಷಯಗಳ ಪರೀಕ್ಷೆ ಮುಗಿಸಿ, ಒಂದು ವಾಕ್ಯವನ್ನೂ ಬರೆಯದೆ ಬರಿಯ ವೃತ್ತಗಳಿಗೆ ಮಸಿ ತುಂಬಿ, ಬಹುತೇಕ ಎಲ್ಲರೂ ತೇರ್ಗಡೆಯಾಗಿ ಹೊರಬಿದ್ದವರು. ನಮ್ಮ ಹಿಂದುಮುಂದಿನ ವರ್ಷದವರು ನಮ್ಮನ್ನು "ಕೊರೋನಾ ಪಾಸು" ಎಂದು ಚೇಷ್ಟೆ ಮಾಡುವುದುಂಟು. ಮಾಡಲಿ.

ಆ ಚೇಷ್ಟೆಗೆ ಉತ್ತರ ಕೊಡಲು ನಾನು ಲೇಖನಿ ಹಿಡಿದಿಲ್ಲ. ನನಗೆ ಹೇಳಬೇಕಾದುದು ಬೇರೆ ಇದೆ. ಬೇನೆಯ ಕಾಲದಲ್ಲಿ ಸಾಲೆಯನ್ನು ಮರಳಿ ತೆರೆಯುವುದು ಹೇಗೆ, ಯಾರಿಗೆ ಮೊದಲು, ಎಂಥ ಎಚ್ಚರದಿಂದ ಎಂಬ ಪ್ರಶ್ನೆಗೆ ನಮ್ಮ ರಾಜ್ಯ ಕೊಟ್ಟ ಉತ್ತರ ತಲೆಕೆಳಗಾಗಿತ್ತೆಂಬುದು ನನ್ನ ಮತ. ಮೊದಲು ತೆರೆಯಬೇಕಾದ ಬಾಗಿಲನ್ನು ನಾವು ಕಟ್ಟಕಡೆಗೆ ತೆರೆದೆವು. ಇಂಥ ಬೇನೆ ಮತ್ತೊಂದು ಬಾರದೆಂದು ಯಾವ ವೈದ್ಯರೂ ಬರೆದುಕೊಡಲಾರರು. ನಮ್ಮ ವರ್ಗದಲ್ಲಿ ಎಷ್ಟೋ ಜನ ಬಿ.ಎಡ್. ಮಾಡಿ ನಾಳೆ ಇದೇ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಸಾಲೆಗಳಲ್ಲಿ ಮಾಸ್ತರರೂ ಅಕ್ಕಾವರೂ ಆಗುವವರು. ಆಗ ಬೆಂಗಳೂರಿನಿಂದ ಬರುವ ಸುತ್ತೋಲೆಯನ್ನು ಕಾಯುತ್ತ ಕೂಡುವುದಕ್ಕಿಂತ ಈಗಲೇ ನಾಲ್ಕು ಮಾತು ಯೋಚಿಸಿಕೊಳ್ಳುವುದು ಲೇಸು.

ನಡೆದುದನ್ನು ಮೊದಲು ಕ್ರಮವಾಗಿ ನೆನೆಯೋಣ. ೨೦೨೦ರ ಮಾರ್ಚ್ ತಿಂಗಳ ನಡುವಿನಲ್ಲಿ ಸಾಲೆಗಳು ಮುಚ್ಚಿದವು. ದೇಶದ ಮೊದಲ ಕೊರೋನಾ ಸಾವು ಕಲಬುರಗಿಯಲ್ಲಿ ಆಗಷ್ಟೇ ಸಂಭವಿಸಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಬಾಗಲಕೋಟೆಯಲ್ಲೂ ಒಬ್ಬ ವೃದ್ಧರು ತೀರಿಕೊಂಡರು. ಮೇ ತಿಂಗಳಲ್ಲಿ ಬಾದಾಮಿ ತಾಲೂಕಿನ ಢಾಣಕಶಿರೂರಿನಲ್ಲಿ ಒಮ್ಮೆಲೆ ಹಲವರಿಗೆ ಬೇನೆ ಕಂಡು ಸುತ್ತಿನ ಊರುಗಳೆಲ್ಲ ನಡುಗಿದವು. ಆಗ ಸಾಲೆ ಮುಚ್ಚಿದ್ದು ಸರಿಯೇ. ಬೇನೆಯ ಸ್ವಭಾವವೇ ಯಾರಿಗೂ ತಿಳಿದಿರಲಿಲ್ಲ. ಜೂನ್ ೨೫ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಯಿತು; ರಾಜ್ಯದಲ್ಲಿ ೮ ಲಕ್ಷಕ್ಕೂ ಮಿಕ್ಕಿದ ಮಕ್ಕಳು ಮುಖಗವಸು ಕಟ್ಟಿಕೊಂಡು ಬಂದು ಬರೆದರು. ನವೆಂಬರ್ ೧೭ಕ್ಕೆ ಪದವಿ ಕಾಲೇಜುಗಳು ತೆರೆದವು. ೨೦೨೧ರ ಜನವರಿ ೧ಕ್ಕೆ ಹತ್ತನೆಯ ಇಯತ್ತೆ ಹಾಗೂ ಪಿ.ಯು. ಎರಡನೆಯ ವರ್ಷ, ಫೆಬ್ರುವರಿಯಲ್ಲಿ ಮೊದಲು ಒಂಬತ್ತು, ಆಮೇಲೆ ೨೨ರಿಂದ ಆರರಿಂದ ಎಂಟು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಎಲ್ಲವೂ ಮತ್ತೆ ಮುಚ್ಚಿತು. ಬಳಿಕ ಆಗಸ್ಟ್ ೨೩ಕ್ಕೆ ಒಂಬತ್ತರಿಂದ ಮೇಲಿನವರು, ಸೆಪ್ಟೆಂಬರ್ ೬ಕ್ಕೆ ಆರರಿಂದ ಎಂಟು, ಅಕ್ಟೋಬರ್ ೨೫ಕ್ಕೆ ಒಂದರಿಂದ ಐದು, ನವೆಂಬರ್ ೮ಕ್ಕೆ ಅಂಗನವಾಡಿ.

ಈ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದುಕೊಂಡು ನೋಡಿರಿ. ದೊಡ್ಡವರು ಮೊದಲು, ಸಣ್ಣವರು ಕಡೆಗೆ. ಒಂದನೆಯ ಇಯತ್ತೆಯ ಮಗುವಿಗೆ ಸಾಲೆಯ ಬಾಗಿಲು ೧೯ ತಿಂಗಳು ಮುಚ್ಚಿಯೇ ಇತ್ತು. ಇದಕ್ಕೆ ಕಾರಣ ಕೇಳಿದರೆ ಸಣ್ಣ ಮಕ್ಕಳು ಮುಖಗವಸು ಹಾಕಿಕೊಳ್ಳುವುದಿಲ್ಲ, ಅಂತರ ಕಾಯುವುದಿಲ್ಲ ಎನ್ನುತ್ತಾರೆ. ಹದಿನೆಂಟರ ಹುಡುಗರು ಎಷ್ಟು ಕಾಯುತ್ತಿದ್ದರೆಂಬುದನ್ನು ನಮ್ಮ ಬಸ್ಸು ನಿಲ್ದಾಣದಲ್ಲಿ ಕಂಡವರು ಬಲ್ಲರು! ನಿಜವಾದ ಕಾರಣ ಬೇರೆ. ಹತ್ತನೆಯ ಇಯತ್ತೆಗೆ ಪರೀಕ್ಷೆ ಇದೆ, ಪಿ.ಯು. ಎರಡನೆಯ ವರ್ಷಕ್ಕೆ ಪರೀಕ್ಷೆ ಇದೆ. ಒಂದನೆಯ ಇಯತ್ತೆಗೆ ಏನಿದೆ? ಏನೂ ಇಲ್ಲ. ಪರೀಕ್ಷೆ ಇದ್ದವರಿಗೆ ಸಾಲೆ, ಇಲ್ಲದವರಿಗೆ ಮನೆ. ಸಾಲೆ ಎಂಬುದು ಯಾತಕ್ಕಾಗಿ ಇದೆಯೆಂದು ನಾವು ಒಳಗೊಳಗೆ ತಿಳಿದಿದ್ದೇವೆಯೋ ಅದನ್ನು ಆ ಬೇನೆ ಹೊರಗೆಡವಿತು.

ನನ್ನ ಮನೆಯಲ್ಲಿಯೇ ಇದರ ಎರಡೂ ಬದಿ ಇದ್ದವು. ನನಗೆ ಹತ್ತನೆಯ ಇಯತ್ತೆ. ೨೦೨೧ರ ಜನವರಿ ೧ರಂದು ಮಾಸ್ತರರು ಹೂವು ಕೊಟ್ಟು ಬರಮಾಡಿಕೊಂಡರು. ನನ್ನ ತಂಗಿ ೨೦೨೦ರ ಜೂನ್‌ನಲ್ಲಿ ಒಂದನೆಯ ಇಯತ್ತೆಗೆ ಹೋಗಬೇಕಾದವಳು. ಹೊಸ ಪಾಟೀಚೀಲ ತಂದಿಟ್ಟಿದ್ದೆವು. ಅವಳು ವರ್ಗದ ಕೋಣೆಯಲ್ಲಿ ಮೊದಲ ಸಲ ಕಾಲಿಟ್ಟದ್ದು ೨೦೨೧ರ ಅಕ್ಟೋಬರ್‌ನಲ್ಲಿ, ಎರಡನೆಯ ಇಯತ್ತೆಯವಳಾಗಿ. ಒಂದನೆಯ ಇಯತ್ತೆ ಅವಳ ಬಾಳಿನಲ್ಲಿ ಬರಲೇ ಇಲ್ಲ. "ಯಣ್ಣಾ, ಸಾಲಿ ಅಂದ್ರ ಮೊಬೈಲಿನ್ಯಾಗ ಇರತೈತೇನು?" ಎಂದು ನನ್ನನ್ನು ಕೇಳುತ್ತಿದ್ದಳು. ಈಗ ಆರನೆಯ ಇಯತ್ತೆಯಲ್ಲಿದ್ದಾಳೆ. ಒತ್ತಕ್ಷರ ಬಂದಲ್ಲಿ ಇಂದಿಗೂ ಓದು ತಡವರಿಸುತ್ತದೆ. ಆ ಜಾಗ ಬಂದೊಡನೆ ದನಿ ತಗ್ಗಿಸಿ ಮುಂದಿನ ಸಾಲಿಗೆ ಜಾರಿಬಿಡುತ್ತಾಳೆ. ನನ್ನ ನಷ್ಟವನ್ನು ನಾನು ಹೇಗೋ ತುಂಬಿಕೊಂಡೆ: ಓದಲು ಬರುತ್ತಿತ್ತು, ಪುಸ್ತಕವಿತ್ತು, ತಿಳಿಯದಿದ್ದರೆ ಫೋನು ಮಾಡಿ ಕೇಳಬಹುದಿತ್ತು. ಓದಲು ಕಲಿಯುವ ವಯಸ್ಸಿನ ಮಗು ಅದನ್ನು ತನಗೆ ತಾನೇ ಹೇಗೆ ಕಲಿತೀತು? ದೂರದಿಂದ ಕಲಿಯಲು ಎಲ್ಲರಿಗಿಂತ ಅಸಮರ್ಥರಾದವರನ್ನೇ ಎಲ್ಲರಿಗಿಂತ ಹೆಚ್ಚು ಕಾಲ ದೂರವಿಟ್ಟೆವು.

ಇದು ನನ್ನ ಮನೆಯೊಂದರ ಕಥೆಯಲ್ಲ. ೨೦೨೧ರ ಮಾರ್ಚ್‌ನಲ್ಲಿ 'ಅಸರ್' ತಂಡದವರು ಗ್ರಾಮೀಣ ಕರ್ನಾಟಕದ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡಿದರು. ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲ ಮೂರನೆಯ ಇಯತ್ತೆಯ ಮಕ್ಕಳು ೨೦೧೮ರಲ್ಲಿ ನೂರಕ್ಕೆ ೧೯ರಷ್ಟಿದ್ದರು. ಅದೇ ಒಂದು ದೊಡ್ಡ ಹೆಮ್ಮೆಯ ಸಂಖ್ಯೆಯಲ್ಲ, ಆ ಮಾತು ಬೇರೆ. ೨೦೨೧ರಲ್ಲಿ ಅವರು ೧೦ರ ಒಳಗೆ ಬಂದಿದ್ದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ೧೬,೦೦೦ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದಾಗ, ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ನೂರಕ್ಕೆ ೯೨ ಮಕ್ಕಳು ಕಳೆದುಕೊಂಡಿದ್ದರು. ಹೊಸದನ್ನು ಕಲಿಯದಿರುವುದು ಒಂದು, ಬರುತ್ತಿದ್ದುದನ್ನು ಮರೆಯುವುದು ಇನ್ನೊಂದು.

ಇನ್ನು ಸಾಲೆಯ ಕಟ್ಟಡದ ವಿಷಯ. ಇದನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಮ್ಮ ಜಿಲ್ಲೆಯ ಮಟ್ಟಿಗೆ ಇದು ಎದ್ದು ಕಾಣುವ ಸಂಗತಿ. ನಮ್ಮ ಹಳ್ಳಿಗಳಲ್ಲಿ ಸಾಲೆ ಎಂಬುದು ಸರ್ವರ ಆಸ್ತಿ. ಮಕ್ಕಳದ್ದು ಮಾತ್ರ ಅಲ್ಲ. ೨೦೧೯ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದು ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಾಗ, ಬಾದಾಮಿ, ಹುನಗುಂದ ತಾಲೂಕುಗಳ ಹೊಳೆಸಾಲಿನ ಜನ ಬಂದು ಆಶ್ರಯ ಪಡೆದದ್ದು ಎತ್ತರದಲ್ಲಿದ್ದ ಸಾಲೆಗಳಲ್ಲಿ. ಅಲ್ಲಿಯೇ ಗಂಜಿ ಕೇಂದ್ರ, ಅಲ್ಲಿಯೇ ಬಾಣಂತಿಯ ಹಾಸಿಗೆ. ೨೦೦೯ರ ಮಹಾಪೂರದಲ್ಲೂ ಹೀಗೆಯೇ ಆಗಿತ್ತೆಂದು ಹಿರಿಯರು ಹೇಳುತ್ತಾರೆ. ಹೊಳೆಸಾಲಿನ ಮಕ್ಕಳಿಗೆ ೨೦೧೯–೨೦ರ ಸಾಲೆ ನೀರಿಗೆ ಸಿಕ್ಕಿತು, ಮುಂದಿನದು ಬೇನೆಗೆ ಸಿಕ್ಕಿತು. ಅದೇ ಊರುಗಳಲ್ಲಿ ೨೦೨೦ರ ಬೇಸಗೆಯಲ್ಲಿ ಗೋವೆ, ಮುಂಬಯಿ ಕಡೆಗೆ ದುಡಿಯಲು ಹೋಗಿದ್ದವರು ಗಂಟುಮೂಟೆ ಹೊತ್ತು ಮರಳಿದಾಗ, ಅವರನ್ನು ಹದಿನಾಲ್ಕು ದಿನ ಪ್ರತ್ಯೇಕವಾಗಿ ಇರಿಸಿದ್ದು ವಸತಿನಿಲಯಗಳಲ್ಲಿ, ಸಾಲೆಗಳಲ್ಲಿ. ಯಾರೂ ಬೇಡವೆನ್ನಲಿಲ್ಲ, ಎನ್ನಲೂಬಾರದು. ಆದರೆ ಅದೇ ವರ್ಷದ ಡಿಸೆಂಬರ್ ೨೨ ಹಾಗೂ ೨೭ರಂದು ಗ್ರಾಮ ಪಂಚಾಯತಿಯ ಚುನಾವಣೆ ಬಂತು. ಸಾಲೆಯ ಕೋಣೆಗಳ ಕಸ ಗುಡಿಸಿ, ಸುಣ್ಣದ ಗೆರೆ ಎಳೆದು ಮತಗಟ್ಟೆ ಮಾಡಿದರು. ಮುಂಜಾನೆಯಿಂದ ಸಂಜೆಯವರೆಗೆ ಊರಿಗೆ ಊರೇ ಆ ಕೋಣೆಯಲ್ಲಿ ಹಾಯ್ದು ಹೋಯಿತು. ಎಂಬತ್ತು ವರ್ಷದ ಅಜ್ಜಿಯನ್ನು ಎತ್ತಿಕೊಂಡು ಬಂದರು. ಚುನಾವಣೆ ನಡೆಯಬಾರದಿತ್ತೆಂದು ನಾನು ಹೇಳುವುದಿಲ್ಲ. ಪೂರಕ್ಕೆ ತೆರೆದ ಕೋಣೆ, ಬೇನೆಗೆ ತೆರೆದ ಕೋಣೆ, ಮತಕ್ಕೆ ತೆರೆದ ಕೋಣೆ ಒಂದನೆಯ ಇಯತ್ತೆಗೆ ಮಾತ್ರ ಇನ್ನೂ ಹತ್ತು ತಿಂಗಳು ತೆರೆಯಲಿಲ್ಲವೆಂಬುದನ್ನಷ್ಟೇ ಹೇಳುತ್ತೇನೆ. ಆ ಮಕ್ಕಳಿಗೆ ಮತವಿಲ್ಲ!

ಮನೆಯಲ್ಲಿದ್ದರೆ ಮಗು ಸುರಕ್ಷಿತ ಎಂದು ಅಂದಿನ ಮಾತು. ಯಾವ ಮನೆ? ಬಾಗಲಕೋಟೆಯ ನವನಗರದಲ್ಲಿ ಬೇರೆ ಕೋಣೆ, ಬೇರೆ ಫೋನು ಇರುವ ಮಗುವಿನ ಮನೆಯೇ? ಇಳಕಲ್ಲಿನ ನೇಕಾರರ ಓಣಿಯ ಮನೆಯನ್ನು ನೋಡಿದವರಿಗೆ ಗೊತ್ತು, ಅರ್ಧ ಮನೆ ಮಗ್ಗದ್ದು. ಉಳಿದರ್ಧದಲ್ಲಿ ಅಡಿಗೆ, ನಿದ್ದೆ, ಅಜ್ಜ, ಅಜ್ಜಿ, ನೂಲಿನ ಗಂಟು. ಲಾಳಿಯ ಸಪ್ಪಳದಲ್ಲಿ ಫೋನಿನೊಳಗಿನ ಅಕ್ಕಾವರ ದನಿ ಯಾರಿಗೆ ಕೇಳೀತು? ಕುಳಿತ ಮಗುವಿನ ಕೈಗೆ ಕಂಡಿಕೆ ಸುತ್ತುವ ಕೆಲಸ ತಾನಾಗಿ ಬರುತ್ತದೆ. ತಂದೆತಾಯಿಗಳು ಕೆಟ್ಟವರೆಂದಲ್ಲ, ಸೀರೆ ಮಾರಾಟ ನಿಂತ ಆ ದಿನಗಳಲ್ಲಿ ಮನೆಯ ಪ್ರತಿಯೊಂದು ಕೈಯೂ ಬೇಕಾಗಿತ್ತು. ಹುನಗುಂದದ ಎರಿಹೊಲಗಳ ಕಡೆ ಹೋದರೆ ಕಸ ತೆಗೆಯಲು, ಉಳ್ಳಾಗಡ್ಡಿ ಕೀಳಲು ಮಕ್ಕಳು. ಮೇಲಿನ ಇಯತ್ತೆಯ ಹೆಣ್ಣುಮಕ್ಕಳ ವಿಷಯವನ್ನು ನಾನು ಬರೆಯದಿದ್ದರೂ ಓದುವವರಿಗೆ ತಿಳಿಯುತ್ತದೆ: ನನ್ನ ಜೊತೆ ಒಂಬತ್ತನೆಯ ಇಯತ್ತೆ ಓದಿದ ಇಬ್ಬರು ಹತ್ತರ ಪರೀಕ್ಷೆಗೆ ಬರಲಿಲ್ಲ, ಅವರ ಮದುವೆಯ ಸುದ್ದಿ ಬಂತು. ಫೋನು ಮನೆಗೆ ಒಂದೇ, ಅದೂ ತಂದೆಯ ಕಿಸೆಯಲ್ಲಿ ಹೊಲಕ್ಕೆ ಹೋಗುವಂಥದು. ದೂರದರ್ಶನದ ಚಂದನ ವಾಹಿನಿಯಲ್ಲಿ ೨೦೨೦ರ ಜುಲೈಯಿಂದ ಪಾಠ ಬರತೊಡಗಿದಾಗ ನಮ್ಮ ನೆರೆಯ ನರಗುಂದ ತಾಲೂಕಿನಲ್ಲಿ ಒಬ್ಬ ತಾಯಿ ಮಕ್ಕಳಿಗೆ ಟಿ.ವಿ. ತರಲು ತನ್ನ ತಾಳಿಯನ್ನೇ ಒತ್ತೆಯಿಟ್ಟಳು. ಪತ್ರಿಕೆಗಳು ಅದನ್ನು ತ್ಯಾಗವೆಂದು ಹೊಗಳಿ ಬರೆದವು. ನನಗೆ ಅದನ್ನು ಓದಿ ನಾಚಿಕೆಯಾಯಿತು. ಹದಿನಾಲ್ಕು ವರ್ಷದವರೆಗೆ ಉಚಿತವಾಗಿ ಕಲಿಸುತ್ತೇವೆಂದು ಕಾನೂನು ಮಾಡಿದ ದೇಶದಲ್ಲಿ ಪಾಠಕ್ಕೆ ತಾಳಿಯ ಬೆಲೆಯೆ?

ಹಾಗೆಂದು ಸರಕಾರ ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ೨೦೨೦ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಎಂಬ ಯೋಜನೆ ಬಂತು. ಮಕ್ಕಳು ಸಾಲೆಗೆ ಬರುವುದು ಬೇಡ, ಮಾಸ್ತರರೇ ಓಣಿಗೆ ಹೋಗಲಿ; ಅರಳಿಕಟ್ಟೆ, ಗುಡಿಯ ಪೌಳಿ, ಸಮುದಾಯ ಭವನ ಎಲ್ಲಿ ಆದೀತೋ ಅಲ್ಲಿ ಸಣ್ಣ ಗುಂಪು ಕೂಡಿಸಿ ಕಲಿಸಲಿ ಎಂಬುದು ಅದರ ತಿರುಳು. ಆ ಎಲ್ಲ ದಿನಗಳಲ್ಲಿ ಬಂದ ಯೋಜನೆಗಳಲ್ಲಿ ನಮ್ಮ ನೆಲದ ವಾಸನೆ ಇದ್ದದ್ದು ಇದೊಂದಕ್ಕೇ ಎಂದು ನಾನು ತಿಳಿಯುತ್ತೇನೆ. ನಮ್ಮ ಮುತ್ತಜ್ಜಂದಿರು ಗಾಂವಠಿ ಸಾಲೆಯಲ್ಲಿ, ಗುಡಿಯ ಕಟ್ಟೆಯ ಮೇಲೆ ಉಸುಕಿನಲ್ಲಿ ಬೆರಳಾಡಿಸಿ ಅಕ್ಷರ ಕಲಿತವರೇ. ಪ್ಲೇಗಿನ ಕಾಲಕ್ಕೆ ಊರಿಗೆ ಊರೇ ಹೊರಬಿದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಸಂಗತಿ ನಮ್ಮ ಕಡೆಯ ಮುದುಕರ ಬಾಯಲ್ಲಿ ಇಂದಿಗೂ ಇದೆ. ಅಂದು ಓಡಿದ್ದು ಇಲಿ ಸತ್ತ ಮನೆಯಿಂದ. ಇಂದಿನ ಬೇನೆ ಗಾಳಿಯದು. ಆದರೂ ಇಕ್ಕಟ್ಟು ಬಿಟ್ಟು ಬಯಲಿಗೆ ಬರುವ ಆ ಹಳೆಯ ಬುದ್ಧಿ ಇದಕ್ಕೂ ಹೊಂದುತ್ತಿತ್ತು.

ಅಂಥ ಯೋಜನೆ ಅಕ್ಟೋಬರ್‌ನಲ್ಲಿ ನಿಂತಿತು. ರಾಜ್ಯದ ಹಲವೆಡೆಗಳಿಂದ ಶಿಕ್ಷಕರಿಗೆ, ಮಕ್ಕಳಿಗೆ ಬೇನೆ ತಗುಲಿದ ಸುದ್ದಿ, ಶಿಕ್ಷಕರು ತೀರಿಕೊಂಡ ಸುದ್ದಿ ಬಂದವು. ಅದನ್ನು ಓದಿ ಯಾರ ಎದೆಯೂ ನೋಯದಿರದು. ಆದರೆ ಎಡವಿದ್ದು ಎಲ್ಲಿ? ಮರದ ಕೆಳಗೆ ಕಲಿಸಿದ್ದರಲ್ಲಿಯೇ? ಒಬ್ಬ ಮಾಸ್ತರರು ಒಂದೇ ದಿನ ಮೂರು ಓಣಿ ತಿರುಗಬೇಕು, ಬಸ್ಸಿನಲ್ಲಿ ಬರಬೇಕು, ಮಳೆ ಬಂದರೆ ಭವನದೊಳಗೆ ಎಲ್ಲರನ್ನೂ ಒತ್ತಾಗಿ ಕೂಡಿಸಬೇಕು. ಐವತ್ತೈದು ವರ್ಷದ, ಸಕ್ಕರೆ ಬೇನೆಯ ಮಾಸ್ತರರಿಗೂ ಇಪ್ಪತ್ತೈದರ ಹುರುಪಿನವರಿಗೂ ಒಂದೇ ನಿಯಮ. ಅವರಿಗೆ ಕೊಟ್ಟ ರಕ್ಷಣೆ ಒಂದು ತುಂಡು ಬಟ್ಟೆ. ಮಕ್ಕಳ ಕಾಳಜಿಯನ್ನು ಮಾತನಾಡಿದವರೆಲ್ಲ ಮಾಸ್ತರರ ಜೀವದ ಕಾಳಜಿಯನ್ನು ಮರೆತರು. ಈ ಬೇನೆ ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ಸೌಮ್ಯವಾಗಿ ಬಂದು ಹೋಗುವಂಥದು, ವಯಸ್ಸಾದವರ ಮೇಲೆ ಎರಗುವಂಥದು ಎಂಬುದು ಆಗಲೇ ತಿಳಿದಿತ್ತು. ಹಾಗಿದ್ದಮೇಲೆ ಸಾಲೆಯಲ್ಲಿ ಮೊದಲು ಕಾಯಬೇಕಾದವರು ಯಾರು? ಖುರ್ಚಿಯ ಮೇಲೆ ಕುಳಿತವರು. ಯೋಜನೆಯನ್ನು ತಿದ್ದುವ ಬದಲು ನಿಲ್ಲಿಸಿದರು. ಹೊಸ ವರ್ಷದಲ್ಲಿ ಮರಳಿ ಪ್ರಾರಂಭಿಸಿದಾಗಲೂ ಸಾಲೆಯ ಅಂಗಳಕ್ಕೆ ಬರಲು ಅಪ್ಪಣೆಯಾದದ್ದು ಆರನೆಯ ಇಯತ್ತೆಯಿಂದ ಮೇಲಿನವರಿಗೆ.

ಇಲ್ಲಿ ಒಬ್ಬ ಅಧ್ಯಾಪಕರು ನನ್ನೊಡನೆ ವಾದಿಸಿದ್ದನ್ನು ಹೇಳಬೇಕು. "ನಿಮ್ಮ ಮಗುವಿಗೆ ಏನೂ ಆಗದಿರಬಹುದು, ಅದು ಮನೆಗೆ ಹೊತ್ತು ತರುವ ಬೇನೆ ಅಜ್ಜಿಯನ್ನು ಕೊಂದರೆ?" ಎಂದರು. ಇದು ಹಗುರವಾಗಿ ತಳ್ಳುವ ಮಾತಲ್ಲ. ೨೦೨೧ರ ಏಪ್ರಿಲ್, ಮೇ ತಿಂಗಳುಗಳನ್ನು ಕಂಡ ಯಾರೂ ಅದನ್ನು ತಳ್ಳಲಾರರು. ಆ ದಿನಗಳಲ್ಲಿ ಹಳ್ಳಿಹಳ್ಳಿಗೂ ಬೇನೆ ಹೊಕ್ಕಿತ್ತು, ಆಮ್ಲಜನಕಕ್ಕಾಗಿ ಜನ ಜಿಲ್ಲೆಯಿಂದ ಜಿಲ್ಲೆಗೆ ಅಲೆದರು. ಅಂಥ ತಿಂಗಳುಗಳಲ್ಲಿ ಸಾಲೆ ಮುಚ್ಚಿರಲೇಬೇಕು, ಸಣ್ಣವರದೂ ದೊಡ್ಡವರದೂ. ನನ್ನ ಪ್ರಶ್ನೆ ಉಳಿದ ತಿಂಗಳುಗಳದು. ೨೦೨೦ರ ನವೆಂಬರ್‌ನಿಂದ ೨೦೨೧ರ ಮಾರ್ಚ್ ಮೊದಲ ವಾರದವರೆಗೆ ಬೇನೆ ಇಳಿಮುಖವಾಗಿತ್ತು. ಸಂತೆ ಕೂಡುತ್ತಿತ್ತು, ಮದುವೆಗಳು ನಡೆಯುತ್ತಿದ್ದವು, ಬಸ್ಸುಗಳು ತುಂಬಿ ಓಡುತ್ತಿದ್ದವು. ಅಜ್ಜಿಯ ಮೊಮ್ಮಗು ಆ ಸಂತೆಗೂ ಮದುವೆಗೂ ಹೋಗುತ್ತಿತ್ತು. ಸಾಲೆಯೊಂದಕ್ಕೆ ಹೋಗದಿದ್ದರೆ ಅಜ್ಜಿ ಉಳಿಯುವಳೆಂಬ ಲೆಕ್ಕ ನನಗೆ ತಿಳಿಯದು. ಮುಂದೆ ೨೦೨೧ರ ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು ರಕ್ತಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು: ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ೫೭ ಮಂದಿಯ ಮೈಯಲ್ಲಿ ಆಗಲೇ ಪ್ರತಿಕಾಯಗಳಿದ್ದವು. ಅಂದರೆ ಸಾಲೆ ಮುಚ್ಚಿದ್ದಾಗಲೇ ಬೇನೆ ಆ ಮಕ್ಕಳನ್ನು ಮುಟ್ಟಿಹೋಗಿತ್ತು. ಪರಿಷತ್ತಿನ ಮಹಾನಿರ್ದೇಶಕ ಡಾ. ಬಲರಾಮ ಭಾರ್ಗವರು, ಸಾಲೆ ತೆರೆಯುವುದಾದರೆ ಪ್ರಾಥಮಿಕದಿಂದ ತೆರೆಯುವುದು ಯುಕ್ತ, ಅದಕ್ಕೆ ಮೊದಲು ಶಿಕ್ಷಕರಿಗೂ ಸಿಬ್ಬಂದಿಗೂ ಲಸಿಕೆಯಾಗಲಿ ಎಂದು ಅದೇ ತಿಂಗಳು ಸ್ಪಷ್ಟವಾಗಿ ಹೇಳಿದರು. ಒಂದು ತಿಂಗಳ ಮೇಲೆ ನಾವು ತೆರೆದದ್ದು ಒಂಬತ್ತನೆಯ ಇಯತ್ತೆಯಿಂದ.

ಹೊರನಾಡುಗಳಲ್ಲಿ ಬೇರೆ ಬಗೆಯಾಗಿ ನಡೆದವರಿದ್ದಾರೆ. ಡೆನ್ಮಾರ್ಕ್ ದೇಶದವರು ೨೦೨೦ರ ಏಪ್ರಿಲ್ ೧೫ಕ್ಕೇ, ಐರೋಪ್ಯರಲ್ಲಿ ಎಲ್ಲರಿಗಿಂತ ಮೊದಲು, ಸಣ್ಣ ಮಕ್ಕಳ ಶಾಲೆಗಳನ್ನು ತೆರೆದರು, ದೊಡ್ಡವರು ಆಮೇಲೆ. ಚಿಕ್ಕ ಚಿಕ್ಕ ಗುಂಪು, ಆದಷ್ಟು ಪಾಠ ಅಂಗಳದಲ್ಲಿ, ಮೇಲಿಂದ ಮೇಲೆ ಕೈ ತೊಳೆಯುವುದು, ಇಷ್ಟೇ ಅವರ ಉಪಾಯ. ಮೇ ತಿಂಗಳಲ್ಲಿ ಇಸ್ರೇಲಿನವರೂ ತೆರೆದರು. ಆದರೆ ತುಂಬಿದ ವರ್ಗಗಳು, ಬಿಸಿಲಿನ ಝಳಕ್ಕೆ ಮುಖಗವಸಿನಿಂದ ವಿನಾಯಿತಿ, ಕಿಟಕಿ ಮುಚ್ಚಿ ತಂಪುಯಂತ್ರ. ಜೆರುಸಲೇಮಿನ ಒಂದು ಪ್ರೌಢಶಾಲೆಯಲ್ಲಿ ಬೇನೆ ಹಬ್ಬಿ ದೊಡ್ಡ ಸುದ್ದಿಯಾಯಿತು. ನೂರು ವರ್ಷದ ಹಿಂದಿನ ಮಾತಾದರೆ, ೧೯೧೮ರ ಇನ್‌ಫ್ಲುಯೆಂಜಾ ಕಾಲಕ್ಕೆ ಅಮೆರಿಕೆಯ ಹೆಚ್ಚಿನ ನಗರಗಳು ಶಾಲೆ ಮುಚ್ಚಿದಾಗ ನ್ಯೂಯಾರ್ಕು ಮುಚ್ಚಲಿಲ್ಲ. ಅಲ್ಲಿಯ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಹೇಳಿದ ಕಾರಣ ನನಗೆ ಬಹಳ ಹಿಡಿಸಿತು: ನಮ್ಮ ಮಕ್ಕಳಲ್ಲಿ ಬಹುಪಾಲು ಬಡವರ ಇಕ್ಕಟ್ಟಾದ ಮನೆಗಳವರು, ಆ ಮನೆಗಳಿಗಿಂತ ಗಾಳಿಬೆಳಕಿನ ಶಾಲೆ, ದಿನವೂ ವೈದ್ಯರೂ ದಾದಿಯರೂ ನೋಡುವ ಶಾಲೆ ಅವರಿಗೆ ಮೇಲು. ಇಳಕಲ್ಲಿನ ಓಣಿಯನ್ನು ನೋಡಿಯೇ ಆ ಮನುಷ್ಯ ಮಾತನಾಡಿದಂತಿದೆ. ಕ್ಷಯದ ಕಾಲಕ್ಕೆ ಬರ್ಲಿನ್ನಿನ ಮಗ್ಗುಲಿನ ಷಾರ್ಲೊಟೆನ್‌ಬುರ್ಗ್‌ನಲ್ಲಿ ೧೯೦೪ರಷ್ಟು ಹಿಂದೆಯೇ ಕಾಡಿನ ಶಾಲೆ ತೆರೆದಿದ್ದರು. ನಮ್ಮ ರವೀಂದ್ರರು ಶಾಂತಿನಿಕೇತನದಲ್ಲಿ ಮರದ ಕೆಳಗೆ ಮಕ್ಕಳನ್ನು ಕೂಡಿಸಿದ್ದು ೧೯೦೧ರಲ್ಲಿ, ಯಾವ ಬೇನೆಯ ಭಯವೂ ಇಲ್ಲದೆ.

ಹಾಗಾದರೆ ನಮ್ಮಲ್ಲಿ ಮಾಡಬಹುದಾದುದೇನು? ನಾನು ವೈದ್ಯನಲ್ಲ, ಅಧಿಕಾರಿಯೂ ಅಲ್ಲ. ಹೊಸ ಬೇನೆ ಬಂದರೆ ಅದು ಯಾರನ್ನು ಹಿಡಿಯುತ್ತದೆ, ಹೇಗೆ ಹರಡುತ್ತದೆ ಎಂದು ತಿಳಿದವರೇ ಮೊದಲು ಹೇಳಬೇಕು. ಮಕ್ಕಳನ್ನೇ ಹಿಡಿಯುವ ಬೇನೆಯಾದರೆ ನನ್ನ ವಾದವೆಲ್ಲ ಬಿದ್ದುಹೋಗುತ್ತದೆ. ಆದರೆ ಕೊರೋನಾದಂಥದೇ ಬಂದರೆ, ತೀರ್ಮಾನ ಬೆಂಗಳೂರಿನಿಂದ ಇಡೀ ನಾಡಿಗೆ ಒಂದೇ ಆಗಿ ಬರಕೂಡದು. ಬೆಂಗಳೂರಿನ ಮೂರು ಮಹಡಿಯ ಶಾಲೆಗೂ ಬಾದಾಮಿ ತಾಲೂಕಿನ ನಲವತ್ತು ಮಕ್ಕಳ, ಎರಡು ಕೋಣೆಯ, ಬೇವಿನ ಮರದ ಸಾಲೆಗೂ ಏನು ಸಾಮ್ಯ? ೨೦೨೧ರ ಆಗಸ್ಟ್‌ನಲ್ಲಿ ಪರೀಕ್ಷಿಸಿದವರಲ್ಲಿ ನೂರಕ್ಕೆ ಎರಡಕ್ಕಿಂತ ಕಡಿಮೆ ಮಂದಿಗೆ ಬೇನೆಯಿದ್ದ ಜಿಲ್ಲೆಗಳಲ್ಲಿ ಮೊದಲು ತೆರೆದರು. ೨೦೨೨ರ ಜನವರಿಯ ಅಲೆಯಲ್ಲಿ ಬೆಂಗಳೂರಿನ ಶಾಲೆಗಳನ್ನು ಮುಚ್ಚಿಯೂ ಉಳಿದೆಡೆ ಜಿಲ್ಲಾಧಿಕಾರಿಗಳ ವಿವೇಚನೆಗೆ ಬಿಟ್ಟರು. ಅಂತೂ ಸಾಧ್ಯವಿತ್ತು. ಒಂದೂವರೆ ವರ್ಷ ಮುಂಚೆ ಏಕೆ ಸಾಧ್ಯವಾಗಲಿಲ್ಲ? ನನ್ನನ್ನು ಕೇಳಿದರೆ ಜಿಲ್ಲೆಗಿಂತಲೂ ಕೆಳಗೆ, ಊರಿನ ಮಟ್ಟಕ್ಕೆ ಅದು ಇಳಿಯಬೇಕು. ಶಾಲಾಭಿವೃದ್ಧಿ ಸಮಿತಿ, ಆಶಾ ಕಾರ್ಯಕರ್ತೆ, ಮುಖ್ಯ ಗುರುಗಳು ಕೂಡಿ ಆ ವಾರದ ಬೇನೆ ನೋಡಿ ಹೇಳಲಿ. ಊರಿನಲ್ಲಿ ಯಾರಿಗೆ ಜ್ವರ ಬಂದಿದೆಯೆಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುವಷ್ಟು ವಿಧಾನಸೌಧಕ್ಕೆ ಗೊತ್ತಿರದು.

ತೆರೆಯುವಾಗ ಒಂದು, ಎರಡು, ಮೂರನೆಯ ಇಯತ್ತೆ ಮೊದಲು ಬರಲಿ. ನಮ್ಮ ಕಡೆ ಮಳೆ ಕಡಿಮೆ. ವರ್ಷದಲ್ಲಿ ಬಹಳ ದಿನ ಮರದ ಕೆಳಗೆ, ಪಡಸಾಲೆಯಲ್ಲಿ ಕೂಡಬಹುದು. ಬಿಸಿಲಿನ ಮಾತೆತ್ತಿದರೆ, ಬೇಸಗೆಯಲ್ಲಿ 'ಮುಂಜಾನೆ ಸಾಲೆ' ನಡೆಸುವ ಪದ್ಧತಿ ನಮಗೆ ಹೊಸದೇನಲ್ಲ. ಕೋಣೆಯಲ್ಲಿ ಕೂಡುವುದಾದರೆ ಕಿಟಕಿ ತೆರೆದಿರಬೇಕು. ಇದನ್ನು ಹೇಳುವುದು ಸುಲಭ. ಮುಂಬಯಿ ಸರಕಾರದ ಕಾಲದ ಹಂಚಿನ ಕಟ್ಟಡಗಳಲ್ಲಿ ಆಳೆತ್ತರದ ಕಿಟಕಿಗಳಿವೆ; ಈಚಿನ ಸಿಮೆಂಟಿನ ಕೋಣೆಗಳಲ್ಲಿ ಕಿಟಕಿ ಸಣ್ಣವು, ಅವುಗಳಿಗೂ ಮುರಿದ ಬೆಂಚು, ಅಕ್ಕಿಚೀಲ ಒರಗಿಸಿರುತ್ತಾರೆ. ಬಾದಾಮಿಯಲ್ಲಿ ಮಂಗಗಳ ಕಾಟ ಬೇರೆ; ಕಿಟಕಿ ತೆರೆದರೆ ಪಾಠ ಕೇಳಲು ಅವೇ ಮೊದಲು ಬರುತ್ತವೆ. ತಂತಿಯ ಜಾಲರಿ ಹೊಡೆಸಬೇಕು. ೨೦೨೦ರಲ್ಲಿ ನಾವು ಬೆಂಚುಗಳಿಗೆ ಔಷಧಿ ಸಿಂಪಡಿಸಲು, ಕೈಗೆ ಸ್ಯಾನಿಟೈಸರ್ ಸುರಿಯಲು ಮಾಡಿದ ಖರ್ಚಿನಲ್ಲಿ ಸ್ವಲ್ಪವನ್ನು ಆ ಜಾಲರಿಗೆ ಹಾಕಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಈ ಬೇನೆ ಮುಖ್ಯವಾಗಿ ಮುಚ್ಚಿದ ಕೋಣೆಯ ಗಾಳಿಯಲ್ಲಿ ಹರಡುತ್ತದೆಂದು ಆಮೇಲೆ ಎಲ್ಲರೂ ಒಪ್ಪಿಕೊಂಡರು. ವಯಸ್ಸಾದ, ಬೇರೆ ಬೇನೆಯಿರುವ ಶಿಕ್ಷಕರಿಗೆ ಕೋಣೆಯ ಕೆಲಸ ಬೇಡ. ಲಸಿಕೆ ಬಂದ ದಿನ ಆಸ್ಪತ್ರೆಯವರ ಬೆನ್ನಿಗೇ ಅವರ ಸಾಲು ನಿಲ್ಲಲಿ, ಅಡಿಗೆಯವರೂ ಅದೇ ಸಾಲಿನಲ್ಲಿ. ಬರಲೇಬೇಕೆಂದು ಯಾವ ಮಗುವಿಗೂ ಒತ್ತಾಯ ಬೇಡ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅಂಥವರ ಹಾಜರಿ ಕಡಿಯಬಾರದು.

ಊಟದ ಮಾತನ್ನು ಬಿಡುವಂತಿಲ್ಲ. ಸಾಲೆ ಮುಚ್ಚಿದಾಗ ಅಕ್ಷರ ದಾಸೋಹದ ಒಲೆಯೂ ಆರಿತು. ಅಕ್ಕಿ ಬೇಳೆಯನ್ನು ಮನೆಗೆ ಹಂಚಿದರು, ನಿಜ. ಮಧ್ಯಾಹ್ನ ಎಣಿಸಿ ಬಡಿಸುವ ಬಿಸಿ ಅನ್ನಕ್ಕೆ ಅದು ಸಮವಲ್ಲ, ಏಕೆಂದರೆ ಮನೆಯ ಗಡಿಗೆಯಲ್ಲಿ ಅದು ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಒಲೆ ಮರಳಿ ಹೊತ್ತಿದ್ದು ೨೦೨೧ರ ದಸರೆಯ ರಜೆ ಮುಗಿದ ಮೇಲೆ. ಬಯಲಲ್ಲಿ, ದೂರ ದೂರ ಕೂಡಿಸಿ ಉಣಬಡಿಸುವುದು ದಾಸೋಹದ ನಾಡಾದ ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಸಾಲೆ ತೆರೆದ ಮೇಲೆ ಬಾರದೆ ಉಳಿದವರ ವಿಷಯ ಒಂದಿದೆ. ಇಳಕಲ್ಲಿನ ಡಾ. ಮಹಾಂತ ಅಪ್ಪಗಳು ೧೯೭೫ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಳುಕಡಿ ಬೇಡದೆ, ಜನರ ದುಶ್ಚಟಗಳನ್ನು ಬೇಡಿ ತಂದರು. ಹೊಸಿಲಿಗೆ ಬಂದು ಕೇಳುವವರಿಗೆ ಇಲ್ಲವೆನ್ನುವುದು ನಮ್ಮ ಜನಕ್ಕೆ ಕಷ್ಟ. ಮಗ್ಗದಲ್ಲಿ, ಹೊಲದಲ್ಲಿ ನಿಂತುಹೋದ ಮಕ್ಕಳನ್ನು ಕೇಳಲು ಹಾಗೆಯೇ ಯಾರಾದರೂ ಹೊಸಿಲಿಗೆ ಹೋಗಬೇಕು. ಸುತ್ತೋಲೆ ಹೋಗಲಾರದು. ಕಾಲೇಜು ಮೊದಲೇ ತೆರೆಯುವ ಪದ್ಧತಿ ಇನ್ನು ಮುಂದೆಯೂ ಬದಲಾಗದಿದ್ದರೆ, ಮೊದಲು ತೆರೆದ ಆ ವಿದ್ಯಾರ್ಥಿಗಳನ್ನೇ ಈ ಕೆಲಸಕ್ಕೆ ಕಳುಹಬಹುದು.

ನಮ್ಮ ಅಧ್ಯಾಪಕರಲ್ಲಿ ಒಂದು ಬಿನ್ನಹ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಪ್ರತಿವರ್ಷ ರಸ್ತೆ ಗುಡಿಸಿ, ಗಿಡ ನೆಟ್ಟು, ಚಿತ್ರ ತೆಗೆಸಿಕೊಂಡು ಬರುತ್ತೇವೆ. ಬರುವ ಶಿಬಿರದಲ್ಲಿ ಊರಿನ ಸಾಲೆಯ ಕೋಣೆಗಳೆಷ್ಟು, ತೆರೆಯುವ ಕಿಟಕಿಗಳೆಷ್ಟು, ನೆರಳು ಕೊಡುವ ಮರಗಳೆಷ್ಟು, ಒಂದೊಂದರ ಕೆಳಗೆ ಎಷ್ಟು ಮಕ್ಕಳು ಕೂಡಬಹುದು, ನಳದಲ್ಲಿ ನೀರು ಬರುವುದೇ ಎಂದು ಬರೆದುಕೊಂಡು ಬಂದು ಆ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಪಂಚಾಯತಿಗೂ ಕೊಡೋಣ. ಬಾದಾಮಿ, ಹುನಗುಂದ, ಇಳಕಲ್ಲು, ಬಾಗಲಕೋಟೆಯ ಹಳ್ಳಿಗಳ ಹುಡುಗ ಹುಡುಗಿಯರು ನಮ್ಮಲ್ಲಿಯೇ ಇದ್ದಾರೆ. ಒಬ್ಬೊಬ್ಬರು ತಮ್ಮ ಊರಿನದೊಂದನ್ನು ಬರೆದರೂ ಸಾಕಷ್ಟಾದೀತು. ನಮ್ಮ ಊರಿನ ಸಾಲೆಯಿಂದ ತೊಡಗಲು ನಾನು ಸಿದ್ಧ. ಅಲ್ಲಿ ಕೋಣೆಗಳು ನಾಲ್ಕು, ಬೇವಿನ ಮರಗಳು ಮೂರು. ಒಂದನೆಯ ಇಯತ್ತೆ ಕೂಡುವ ಕೋಣೆಯ ಒಂದು ಕಿಟಕಿಗೆ ಹಲಗೆ ಇಟ್ಟು ಮೊಳೆ ಹೊಡೆದಿದ್ದಾರೆ.